ಲಿನಕ್ಸ್ ಗಣಕಯಂತ್ರಗಳಲ್ಲಿ ಸ್ವೀಕೃತಿ ಪತ್ರ ಮುದ್ರಣವಾಗದಿದ್ದಲ್ಲಿ

ಉಬುಂಟು, ಡೆಬಿಯನ್ ಬಳಸುವ ಅರ್ಜಿದಾರರಿಗೆ ಸ್ವೀಕೃತಿ ಪತ್ರ ಮುದ್ರಿಸುವಾಗ ಅನುಮತಿ ಇಲ್ಲವೆಂಬ ಸಂದೇಶ ಬರುವುದುಂಟು. ಇದು ಅರ್ಜಿಯ ದೋಷವಲ್ಲ. ಅರ್ಜಿ ಸಂಖ್ಯೆ ದೊರೆತಿದ್ದಲ್ಲಿ ಪುನಃ ಶುಲ್ಕ ಪಾವತಿಸಬಾರದು.

ಈ ವ್ಯವಸ್ಥೆಗಳಲ್ಲಿ ಮುದ್ರಣವನ್ನು ಕಪ್ಸ್ ತಂತ್ರಾಂಶವು ನಿರ್ವಹಿಸುತ್ತದೆ. ಮುದ್ರಿಸಲು ವಿಶೇಷ ಅನುಮತಿ ಸಾಮಾನ್ಯವಾಗಿ ಬೇಕಿಲ್ಲ. ಆದರೆ ಮುದ್ರಕವನ್ನು ಹೊಸದಾಗಿ ಸೇರಿಸಲು ಅಥವಾ ಸ್ಥಗಿತಗೊಂಡುದನ್ನು ಚಾಲನೆಗೊಳಿಸಲು ಬಳಕೆದಾರರು ‘ಎಲ್‌ಪಿಅಡ್ಮಿನ್’ ಗುಂಪಿನಲ್ಲಿರಬೇಕು. ಗಣಕಯಂತ್ರದ ನಿರ್ವಾಹಕರಿಂದ ಹೆಸರು ಸೇರಿಸಿಕೊಂಡು, ಒಮ್ಮೆ ಲಾಗ್‌ಔಟ್ ಆಗಿ ಮರಳಿ ಪ್ರವೇಶಿಸತಕ್ಕದ್ದು. ಅಲ್ಲಿಯವರೆಗೆ ಬದಲಾವಣೆ ಜಾರಿಗೆ ಬರುವುದಿಲ್ಲ.

ಯುಎಸ್‌ಬಿ ಸಾಧನದ ಕಡತಕ್ಕೆ ಎಲ್ಲರಿಗೂ ಅನುಮತಿ ನೀಡುವ ರೂಢಿ ಕೆಲವೆಡೆ ಇದೆ. ಇದು ಸುರಕ್ಷಿತವಲ್ಲ, ಶಾಶ್ವತವೂ ಅಲ್ಲ: ತಂತಿ ಕಳಚಿ ಜೋಡಿಸಿದೊಡನೆ ಆ ಕಡತವು ಹೊಸದಾಗಿ ಸೃಷ್ಟಿಯಾಗಿ ಹಳೆಯ ನಿರ್ಬಂಧವೇ ಮರಳುತ್ತದೆ. ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ಸ್ವೀಕೃತಿಯನ್ನು ಪಿಡಿಎಫ್ ಕಡತವಾಗಿ ಉಳಿಸಿಕೊಂಡು ಬೇರೆಡೆ ಮುದ್ರಿಸಿಕೊಳ್ಳಬಹುದು.