ಮುಚ್ಚಿದ ಡಬ್ಬಿಯೊಳಗಿನ ಸದ್ದು: ದುಬಾರಿ ಹೆಡ್‌ಫೋನ್‌ಗೆ ಕೊಡೋ ದುಡ್ಡು ಎಲ್ಲಿಗೆ ಹೋಗುತ್ತೆ?

ಫ್ರಾನ್ಸಿನ ಫೋಕಲ್ ಕಂಪನಿ 2019ರಲ್ಲಿ ‘ಸ್ಟೆಲಿಯಾ’ ಅನ್ನೋ ಹೆಡ್‌ಫೋನ್ ಬಿಡುಗಡೆ ಮಾಡಿದಾಗ ಅದಕ್ಕೆ ಇಟ್ಟ ಬೆಲೆ 2,999 ಡಾಲರ್. ಇವತ್ತಿನ ಲೆಕ್ಕದಲ್ಲಿ ಎರಡೂವರೆ ಲಕ್ಷ ರೂಪಾಯಿ ದಾಟುತ್ತೆ, ಆಮದು ಸುಂಕ ಬೇರೆ. ಮನೆಯಲ್ಲಿ ಹೇಳಿದರೆ ಬೈಗುಳ ಗ್ಯಾರಂಟಿ. ಆ ದುಡ್ಡಿಗೆ ಎರಡು ಬೈಕ್ ಬರುತ್ತಲ್ಲ ಅಂತ ಯಾರಾದರೂ ಕೇಳಿಯೇ ಕೇಳ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಉತ್ತರ ಹೇಳೋಕೆ ಮುಂಚೆ ಒಂದು ಸಣ್ಣ ಭೌತಶಾಸ್ತ್ರದ ಪಾಠ ಆಗಬೇಕು. ಯಾಕಂದ್ರೆ ಈ ಜಾತಿಯ ಹೆಡ್‌ಫೋನ್‌ಗಳಲ್ಲಿ ನಾವು ಕೊಡೋ ದುಡ್ಡಿನ ದೊಡ್ಡ ಪಾಲು ಹೋಗೋದು ಒಂದೇ ಒಂದು ಸಮಸ್ಯೆಯ ಬೆನ್ನು ಹತ್ತೋದಕ್ಕೆ.

ಆ ಸಮಸ್ಯೆ ಇದು. ಹೆಡ್‌ಫೋನ್ ಒಳಗಿನ ಡ್ರೈವರ್ ಒಂದು ತೆಳ್ಳನೆಯ ಹಾಳೆ. ಅದು ಮುಂದಕ್ಕೆ ತಳ್ಳಿದಾಗ ಕಿವಿಯ ಕಡೆ ಸದ್ದು ಹೋಗುತ್ತೆ. ಅದೇ ಹೊತ್ತಿಗೆ ಹಿಂದೆಯೂ ಅಷ್ಟೇ ಸದ್ದು ಉಲ್ಟಾ ಹುಟ್ಟುತ್ತೆ. ಓಪನ್-ಬ್ಯಾಕ್ ಹೆಡ್‌ಫೋನ್‌ನಲ್ಲಿ ಹಿಂದೆ ಜಾಲರಿ ಇರುತ್ತೆ, ಆ ಸದ್ದು ಹೊರಗೆ ಹೋಗಿಬಿಡುತ್ತೆ. ಕ್ಲೋಸ್ಡ್-ಬ್ಯಾಕ್‌ನಲ್ಲಿ ಅದಕ್ಕೆ ಹೋಗೋಕೆ ಜಾಗ ಇಲ್ಲ. ಕಪ್ಪಿನ ಗೋಡೆಗೆ ಬಡಿದು ವಾಪಸ್ ಬಂದು, ಅದೇ ತೆಳ್ಳನೆಯ ಹಾಳೆಯನ್ನು ದಾಟಿ, ಸ್ವಲ್ಪ ತಡವಾಗಿ ಕಿವಿಗೆ ಬೀಳುತ್ತೆ. ಸ್ನಾನದ ಮನೆಯಲ್ಲಿ ಹಾಡಿದ ಹಾಗೆ ಅನ್ನಿ, ಆದರೆ ಇಲ್ಲಿ ಸ್ನಾನದ ಮನೆ ಮೂರ್ನಾಲ್ಕು ಸೆಂಟಿಮೀಟರ್ ಆಳದ್ದು. 5,000 ಹರ್ಟ್ಸ್ ಧ್ವನಿತರಂಗದ ಉದ್ದ ಸುಮಾರು 7 ಸೆಂಟಿಮೀಟರ್, ಅದರ ಅರ್ಧ ಮೂರೂವರೆ. ಅಂದ್ರೆ ಕಪ್ಪಿನ ಅಳತೆ ಸರಿಯಾಗಿ ಆ ತರಂಗಗಳು ಒಳಗೆ ಸಿಕ್ಕಿಹಾಕಿಕೊಂಡು ಗುಂಯ್‌ಗುಡುವಂಥ ಜಾಗಕ್ಕೇ ಬಂದು ಕೂರುತ್ತೆ. ದುರದೃಷ್ಟಕ್ಕೆ ನಮ್ಮ ಕಿವಿ ತುಂಬಾ ಚುರುಕಾಗಿರೋದು ಕೂಡ 2,000ದಿಂದ 5,000 ಹರ್ಟ್ಸ್ ಒಳಗೇ. ಕೆಳಗಿನ ಸ್ವರಗಳಲ್ಲಿ ಇನ್ನೊಂದು ತಾಪತ್ರಯ: ಮುಚ್ಚಿದ ಗಾಳಿ ಸ್ಪ್ರಿಂಗಿನ ಹಾಗೆ ವರ್ತಿಸಿ ಹಾಳೆಯನ್ನು ವಾಪಸ್ ತಳ್ಳುತ್ತೆ.

ಹಾಗಾದ್ರೆ ಓಪನ್-ಬ್ಯಾಕೇ ತಗೋಬಹುದಲ್ಲ? ತಗೋಬಹುದು, ಮನೆ ನಿಶ್ಶಬ್ದವಾಗಿದ್ದರೆ. ತಲೆ ಮೇಲೆ ಫ್ಯಾನ್, ಅಡುಗೆಮನೆಯಲ್ಲಿ ಕುಕ್ಕರ್, ಪಕ್ಕದ ಮನೆಯ ಧಾರಾವಾಹಿ, ಕಿಟಕಿಯಾಚೆ ಹಾರ್ನ್: ಓಪನ್-ಬ್ಯಾಕ್ ಹಾಕಿಕೊಂಡರೆ ಇವೆಲ್ಲ ಹಾಡಿನ ಜೊತೆಗೇ ಬರುತ್ತವೆ. ಅಷ್ಟೇ ಅಲ್ಲ, ನಿಮ್ಮ ಹಾಡು ಪಕ್ಕದಲ್ಲಿ ಮಲಗಿರುವವರಿಗೂ ಕೇಳುತ್ತೆ. ರೆಕಾರ್ಡಿಂಗ್ ಸ್ಟುಡಿಯೋದಲ್ಲಂತೂ ಹಾಡುವವರ ಹೆಡ್‌ಫೋನಿಂದ ಸದ್ದು ಸೋರಿ ಮೈಕಿಗೆ ಬಿದ್ದರೆ ಟೇಕ್ ಹಾಳು. ಅದಕ್ಕೇ ಸೋನಿಯ ಎಂಡಿಆರ್-7506, ಜರ್ಮನಿಯ ಬೇಯರ್‌ಡೈನಾಮಿಕ್ ಡಿಟಿ 770 ಥರದ ಮುಚ್ಚಿದ ಹೆಡ್‌ಫೋನ್‌ಗಳು ದಶಕಗಳಿಂದ ಸ್ಟುಡಿಯೋಗಳಲ್ಲಿ ಉಳಿದುಕೊಂಡಿರೋದು.

ಈಗ ದುಬಾರಿ ಕಂಪನಿಗಳು ಆ ಡಬ್ಬಿಯ ಸಮಸ್ಯೆಗೆ ಏನೇನು ಮಾಡಿವೆ ನೋಡಿ. ಒಬ್ಬೊಬ್ಬರದು ಒಂದೊಂದು ದಾರಿ. ಸೆನ್‌ಹೈಸರ್ 2018ರಲ್ಲಿ ತಂದ ಎಚ್‌ಡಿ 820ರಲ್ಲಿ ಕಪ್ಪಿನ ಹಿಂಬದಿಗೆ ಒಳಬಾಗಿದ ಗಾಜು ಹಾಕಿದರು. ಹಿಂದಿನ ಸದ್ದು ಆ ಗಾಜಿಗೆ ಬಡಿದು ನೇರ ವಾಪಸ್ ಬರದೆ, ಅಂಚಿನಲ್ಲಿರುವ ಹೀರುವ ಪದಾರ್ಥದ ಕಡೆಗೆ ತಿರುಗಲಿ ಅನ್ನೋ ಲೆಕ್ಕ. ಸೋನಿಯ ಎಂಡಿಆರ್-ಝಡ್1ಆರ್ ನಲ್ಲಿ ಹಿಂಬದಿ ಪೂರ್ತಿ ಗೋಡೆಯಲ್ಲ. ಗಾಳಿ ನಿಧಾನಕ್ಕೆ ನುಸುಳೋಕೆ ಬಿಡುವ ಪದರ ಇದೆ. ಅಮೆರಿಕದ ಡ್ಯಾನ್ ಕ್ಲಾರ್ಕ್ ಆಡಿಯೊ 2021ರಲ್ಲಿ ‘ಸ್ಟೆಲ್ತ್’ ತಂದಾಗ ಡ್ರೈವರ್‌ಗೂ ಕಿವಿಗೂ ನಡುವೆ ಸಣ್ಣ ಸಣ್ಣ ಕೊಳವೆ, ಗೂಡುಗಳಿರುವ ಬಿಲ್ಲೆಯೊಂದನ್ನು ಇಟ್ಟಿತು. ಯಾವ ಸ್ವರ ಗುಂಯ್‌ಗುಡುತ್ತೋ ಅದನ್ನೇ ಹಿಡಿದು ನುಂಗುವಂತೆ ಆ ಗೂಡುಗಳ ಅಳತೆ ಇರುತ್ತೆ. ಇದಕ್ಕೆ ಅವರು ಮೆಟಾಮೆಟೀರಿಯಲ್ ಅಂತ ಹೆಸರಿಟ್ಟಿದ್ದಾರೆ. ಹೆಸರು ಸ್ವಲ್ಪ ಜಾಸ್ತಿಯಾಯಿತು ಅನಿಸಿದರೂ ಎಂಜಿನಿಯರಿಂಗ್ ಕಣ್ಣಿನಲ್ಲಿ ನನಗೆ ಅತಿ ಇಷ್ಟವಾದ ಪರಿಹಾರ ಅದೇ. ಬಿಡುಗಡೆಯಾದಾಗ ಬೆಲೆ ಮಾತ್ರ 3,999 ಡಾಲರ್ ಇತ್ತು.

ಮರದ ಕಪ್ಪುಗಳ ಕಥೆಯೇ ಬೇರೆ. ಡೆನಾನ್‌ನ ಎಎಚ್-ಡಿ9200ರಲ್ಲಿ ಜಪಾನಿನ ಕೊಚ್ಚಿ ಪ್ರಾಂತ್ಯದ ಬಿದಿರು ಬಳಸುತ್ತಾರೆ. (ಕೇರಳದ ಕೊಚ್ಚಿ ಅಲ್ಲ.) ಫೋಸ್ಟೆಕ್ಸ್ ಟಿಎಚ್900ರ ಮರದ ಮೇಲೆ ಉರುಶಿ ಅನ್ನೋ ಅರಗಿನ ಲೇಪ, ನಮ್ಮ ಚನ್ನಪಟ್ಟಣದ ಬೊಂಬೆಯ ಹೊಳಪು ನೆನಪಾಗುತ್ತೆ, ಆದರೆ ಚನ್ನಪಟ್ಟಣದ ಅರಗು ಕೀಟದಿಂದ ಬಂದದ್ದು, ಉರುಶಿ ಮರದ ರಸ. ನೋಡೋಕೆ ಎರಡೂ ಚಂದ. ಆದರೆ ‘ಮರದ ಕಪ್ಪು, ಅದಕ್ಕೇ ವಾದ್ಯದಂಥ ನಾದ’ ಅಂತ ಮಾರಾಟಗಾರರು ಹೇಳಿದರೆ ನಂಬಬೇಡಿ. ವೀಣೆಯ ಕೊಡಕ್ಕೆ ಹಲಸಿನ ಮರ ಹುಡುಕೋದು ಅದು ತಂತಿಯ ಜೊತೆ ತಾನೂ ಮಿಡಿಯಲಿ ಅಂತ. ಹೆಡ್‌ಫೋನಿನ ಕಪ್ಪು ಮಿಡಿದರೆ ಅದು ದೋಷ. ಅಲ್ಲಿ ಬಿದಿರು ಬೇಕಾಗಿರೋದು ಸದ್ದನ್ನು ಸಾಯಿಸೋದಕ್ಕೆ.

ಇನ್ನು ಡ್ರೈವರ್. ಸ್ಟೆಲಿಯಾದಲ್ಲಿ 40 ಮಿಲಿಮೀಟರಿನ ಬೆರಿಲಿಯಂ ಗುಮ್ಮಟ ಇದೆ. ಬೆರಿಲಿಯಂ ಅಲ್ಯೂಮಿನಿಯಂಗಿಂತ ಹಗುರ, ಉಕ್ಕಿಗಿಂತ ಗಟ್ಟಿ. ಅದರ ಪುಡಿ ಉಸಿರಿಗೆ ಹೋದರೆ ವಿಷವಾದ್ದರಿಂದ ತಯಾರಿಕೆ ಕಷ್ಟ, ಹಾಗಾಗಿ ದುಬಾರಿ. ಆಡಿಝಿಯ ಎಲ್‌ಸಿಡಿ-ಎಕ್ಸ್‌ಸಿಯಲ್ಲಿ 106 ಮಿಲಿಮೀಟರಿನ ಪ್ಲೇನರ್ ಡ್ರೈವರ್, ಅಂದ್ರೆ ಹಾಳೆಯ ತುಂಬಾ ತಂತಿಯ ಗೆರೆ ಎಳೆದು ಪಕ್ಕದಲ್ಲಿ ಅಯಸ್ಕಾಂತ ಇಟ್ಟದ್ದು.

ಇಷ್ಟೆಲ್ಲ ಮಾಡಿದ ಮೇಲೆ ಇವೆಲ್ಲ ಒಂದೇ ಥರ ಕೇಳಬೇಕಿತ್ತಲ್ವಾ? ಕೇಳಲ್ಲ. ಝಡ್1ಆರ್ ಹಾಕಿಕೊಂಡರೆ ಮೃದಂಗದ ಎಡಭಾಗ ಎದೆಗೆ ತಾಗುತ್ತೆ, ಆದರೆ ಹಾಡುವವರು ಎರಡು ಹೆಜ್ಜೆ ಹಿಂದೆ ನಿಂತ ಹಾಗಿರುತ್ತೆ. ಟಿಎಚ್900ರಲ್ಲಿ ಬೇಸೂ ಜಾಸ್ತಿ, ಟ್ರೆಬಲ್ಲೂ ಜಾಸ್ತಿ; ಸಿನಿಮಾ ಹಾಡಿಗೆ ಮಜಾ, ಒಂದು ಗಂಟೆ ಕಛೇರಿ ಕೇಳಿದರೆ ಸುಸ್ತು. ಎಲ್‌ಸಿಡಿ-ಎಕ್ಸ್‌ಸಿಯಲ್ಲಿ ದನಿ ಮುಖಕ್ಕೇ ಬಂದ ಹಾಗೆ ಸ್ಪಷ್ಟ. ಸ್ಟೆಲಿಯಾ ಮೃದು, ಸ್ವಲ್ಪ ಬೆಚ್ಚಗೆ, ಬೇಗ ಬೇಸರ ಬರಿಸಲ್ಲ. ಸ್ಟೆಲ್ತ್ ಇವೆಲ್ಲದಕ್ಕಿಂತ ನಯ, ಎಲ್ಲೂ ಮುಳ್ಳಿಲ್ಲ. ಹಾಗಂತ ‘ಜೀವ ಕಮ್ಮಿ’ ಅನ್ನೋರೂ ಇದ್ದಾರೆ. ಪರೀಕ್ಷೆ ಮಾಡೋದು ಹೇಗೆ ಅಂದ್ರೆ, ನನ್ನ ಸಲಹೆ ತಂಬೂರಿ. ತಂಬೂರಿಯ ಶ್ರುತಿಯಲ್ಲಿ ಮೇಲುಸ್ವರಗಳು ಏಣಿಯ ಮೆಟ್ಟಿಲಿನ ಹಾಗೆ ಉದ್ದಕ್ಕೂ ಇರುತ್ತವೆ. ಕಪ್ಪು ಎಲ್ಲಾದರೂ ಗುಂಯ್‌ಗುಡುತ್ತಿದ್ದರೆ ಒಂದು ಮೆಟ್ಟಿಲು ಮಾತ್ರ ಎದ್ದು ಕೂಗುತ್ತೆ, ತಗಡಿನ ಸದ್ದು ಬರುತ್ತೆ. ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಮಳಿಗೆಯವರು ಹಾಕುವ ಡೆಮೊ ಟ್ರ್ಯಾಕ್‌ನಲ್ಲಿ ಇದು ಗೊತ್ತಾಗಲ್ಲ. ಅದನ್ನು ಆರಿಸಿರೋದೇ ಚೆನ್ನಾಗಿ ಕೇಳಲಿ ಅಂತ.

ಬೆಲೆಗೂ ಈ ಸ್ವರದ ಸಮತೋಲನಕ್ಕೂ ಸಂಬಂಧ ಇದೆಯಾ? 2017ರಲ್ಲಿ ಜೆರೋನ್ ಬ್ರೀಬಾರ್ಟ್ ಅನ್ನೋ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಬೆಲೆಯ ಜೊತೆ ಇಟ್ಟು ನೋಡಿದರು. ಸಂಬಂಧ ಕಾಣಲಿಲ್ಲ. ಪ್ರಬಂಧದ ಶೀರ್ಷಿಕೆಯಲ್ಲೇ ಅದನ್ನು ಹೇಳಿದ್ದಾರೆ. ಅದಕ್ಕೂ ಮುಂಚೆ ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತವರ ತಂಡ ಕೇಳುಗರಿಗೆ ಬ್ರ್ಯಾಂಡಿನ ಹೆಸರು ಹೇಳದೆ ವರ್ಷಗಟ್ಟಲೆ ಪರೀಕ್ಷೆ ಮಾಡಿತ್ತು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಹೇಗೆ ಕೇಳುತ್ತೋ ಅದಕ್ಕೆ ಹತ್ತಿರವಾದ ಸಮತೋಲನವೇ ಬಹಳ ಜನಕ್ಕೆ ಇಷ್ಟವಾಗಿತ್ತು. ಆ ಸಮತೋಲನ ಹತ್ತು ಸಾವಿರದ ಹೆಡ್‌ಫೋನಿನಲ್ಲೂ ಸಿಗಬಹುದು, ಎರಡು ಲಕ್ಷದ್ದರಲ್ಲಿ ಸಿಗದೇ ಇರಲೂಬಹುದು. ದುಬಾರಿಯದ್ದರಲ್ಲಿ ಬೇರೆ ಲಾಭಗಳಿಲ್ಲ ಅಂತಲ್ಲ. ಕಚ್ಚು ಕಡಿಮೆ, ಎಡಬಲದ ಡ್ರೈವರ್‌ಗಳ ಹೊಂದಾಣಿಕೆ ಬಿಗಿ, ಕೈಕೆಲಸ ಅಂದ. ಆದರೆ ಅದಕ್ಕೆಲ್ಲ ಹತ್ತು ಪಟ್ಟು ಕೊಡಬೇಕಾ ಅನ್ನೋದು ಅವರವರ ಜೇಬಿಗೆ ಬಿಟ್ಟಿದ್ದು.

ಮತ್ತೊಂದು ಸಂಗತಿ ಇದೆ, ಇದನ್ನು ವಿಮರ್ಶೆಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಮುಚ್ಚಿದ ಹೆಡ್‌ಫೋನಿನ ಬೇಸ್ ನಿಂತಿರೋದು ಪ್ಯಾಡ್ ತಲೆಗೆ ಗಾಳಿಯಾಡದ ಹಾಗೆ ಅಂಟಿಕೊಳ್ಳೋದರ ಮೇಲೆ. ಕನ್ನಡಕದ ಕಡ್ಡಿ ಪ್ಯಾಡಿನ ಕೆಳಗೆ ಸಣ್ಣ ಸಂದು ಮಾಡಿದರೂ ಸಾಕು, 200 ಹರ್ಟ್ಸ್‌ಗಿಂತ ಕೆಳಗಿನದು ಸೋರಿಹೋಗುತ್ತೆ. ಕನ್ನಡಕ ಮಾತ್ರ ಅಲ್ಲ: ದಪ್ಪ ಕೂದಲು, ಕಿವಿಯೋಲೆ, ಜುಮುಕಿ, ಕಿವಿಯ ಮುಂದೆ ಇಳಿದ ಗಡ್ಡ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತುರುಬು ಕಟ್ಟಿದರೆ ಹೆಡ್‌ಬ್ಯಾಂಡೇ ಸರಿಯಾಗಿ ಕೂರಲ್ಲ. ಎಚ್‌ಡಿ 820 ಬಗ್ಗೆ ಜನರ ಅಭಿಪ್ರಾಯ ಎರಡು ತುದಿಗೆ ಹೋಗೋಕೆ ಒಂದು ಕಾರಣ ಇದೇ. ಅದು ಕೂತರೆ ಒಂದು ಥರ, ಕೂರದಿದ್ದರೆ ಇನ್ನೊಂದು ಥರ. ಹಾಗಾಗಿ ಕನ್ನಡಕವಿಲ್ಲದ ವಿಮರ್ಶಕರು ‘ಬೇಸ್ ಭರ್ಜರಿ’ ಅಂದರೆ ಅದು ಅವರ ತಲೆಗೆ ಮಾತ್ರ ಸತ್ಯ.

ಇಲ್ಲಿಂದ ನೇರ ಆರಾಮದ ವಿಷಯಕ್ಕೆ ಬರೋಣ. ನನ್ನ ಪ್ರಕಾರ ದುಡ್ಡು ಕೊಡೋದಿದ್ದರೆ ಮೊದಲು ಇದಕ್ಕೆ ಕೊಡಬೇಕು. ಎಲ್‌ಸಿಡಿ-ಎಕ್ಸ್‌ಸಿಯ 2021ರ ಮಾದರಿ 677 ಗ್ರಾಂ ತೂಗುತ್ತೆ. ನಂದಿನಿ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ಟಿಗಿಂತ ಭಾರ, ಅದೂ ತಲೆಯ ಮೇಲೆ. ಸ್ಟೆಲಿಯಾ 435 ಗ್ರಾಂ, ಸ್ಟೆಲ್ತ್ 415, ಝಡ್1ಆರ್ 385, ಡಿ9200 375, ಎಚ್‌ಡಿ 820 360. ಡಿಟಿ 770 ಪ್ರೊ 270 ಗ್ರಾಂ ಮಾತ್ರ, ಬೆಲೆ ಸ್ಟೆಲಿಯಾದ ಹತ್ತನೇ ಒಂದು ಪಾಲೂ ಇಲ್ಲ. ತೂಕವೊಂದೇ ಎಲ್ಲ ಅಲ್ಲ, ಆ ತೂಕ ಎಲ್ಲಿ ಕೂರುತ್ತೆ ಅನ್ನೋದು ಮುಖ್ಯ. ನೆತ್ತಿಯ ಒಂದೇ ಜಾಗಕ್ಕೆ ಒತ್ತಿದರೆ 300 ಗ್ರಾಂ ಕೂಡ ಅರ್ಧ ಗಂಟೆಯಲ್ಲಿ ನೋಯಿಸುತ್ತೆ; ಅಗಲವಾದ ಪಟ್ಟಿಯ ಮೇಲೆ ತೂಗುಬಿಟ್ಟರೆ 400 ಗ್ರಾಂ ಗೊತ್ತೇ ಆಗಲ್ಲ. ಅಗಲ ಪಟ್ಟಿಯ ವಿಷಯದಲ್ಲಿ ಸ್ಟೆಲ್ತ್ ಚೆನ್ನಾಗಿದೆ. ಎರಡು ಬದಿಯಿಂದ ಹಿಡಿಯುವ ಬಿಗಿ ಇನ್ನೊಂದು. ಬಿಗಿ ಜಾಸ್ತಿಯಾದರೆ ದವಡೆ ನೋವು, ಕಡಿಮೆಯಾದರೆ ಬೇಸ್ ಸೋರಿಕೆ. ಎರಡನ್ನೂ ಗೆಲ್ಲೋಕೆ ಆಗಲ್ಲ, ಎಲ್ಲೋ ನಡುವೆ ರಾಜಿ.

ಆಮೇಲೆ ಬೆವರು. ಈ ಹೆಡ್‌ಫೋನ್‌ಗಳನ್ನು ರೂಪಿಸುವ ಊರುಗಳಲ್ಲಿ ಬಹಳಷ್ಟು ತಂಪು. ಚರ್ಮದ ಪ್ಯಾಡ್ ಹಾಕಿಕೊಂಡು ಏಪ್ರಿಲ್ ತಿಂಗಳ ಬೆಂಗಳೂರಿನಲ್ಲೇ ಎರಡು ಗಂಟೆ ಕೂರೋದು ಕಷ್ಟ, ಕಲಬುರಗಿಯಲ್ಲಿ ಫ್ಯಾನ್ ಆರಿಸಿ ಕೇಳಿ ನೋಡಿ! ವೆಲ್ವೆಟ್ ಥರದ ಬಟ್ಟೆಯ ಪ್ಯಾಡ್‌ಗಳು ಉಸಿರಾಡುತ್ತವೆ, ಆದರೆ ಸದ್ದನ್ನೂ ಸ್ವಲ್ಪ ಬಿಡುತ್ತವೆ. ಕೃತಕ ಚರ್ಮವಾದರೆ ಮಂಗಳೂರು, ಕಾರವಾರದ ಕಡೆಯವರು ಹುಷಾರು. ಪಾಲಿಯುರೆಥೇನ್ ತೇವ ಕುಡಿದು ಕ್ರಮೇಣ ಪುಡಿಯಾಗುತ್ತೆ. ಕಪ್ಪು ಚಕ್ಕೆಗಳು ಕಿವಿಗೆ, ಕುತ್ತಿಗೆಗೆ ಅಂಟಿಕೊಳ್ಳೋದು ಅದಕ್ಕೇ.

ಆರಾಮವೇ ಮೊದಲು ಅಂದದ್ದಕ್ಕೆ ಇನ್ನೊಂದು ಕಾರಣ ಇದೆ. ಸ್ವರದ ಏರುಪೇರನ್ನು ಸಾಫ್ಟ್‌ವೇರ್‌ನಲ್ಲಿ ಸರಿಮಾಡಬಹುದು. ವಿಂಡೋಸ್‌ಗೆ ಈಕ್ವಲೈಸರ್ ಎಪಿಒ ಪುಕ್ಕಟೆ ಸಿಗುತ್ತೆ, ನೂರಾರು ಮಾದರಿಗಳಿಗೆ ಸಿದ್ಧ ತಿದ್ದುಪಡಿಗಳೂ ಸಿಗುತ್ತವೆ. ಬೇಸ್ ಜಾಸ್ತಿಯಿದ್ದರೆ ನಾಲ್ಕು ಡೆಸಿಬೆಲ್ ಇಳಿಸಿ, ಮುಗೀತು. ಆ್ಯಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ ಥರದ ವೈರ್‌ಲೆಸ್ ಹೆಡ್‌ಫೋನ್‌ಗಳಂತೂ ಕಪ್ಪಿನ ಒಳಗೇ ಮೈಕ್ ಇಟ್ಟು, ಸೋರಿದ ಬೇಸನ್ನು ಕೂತಲ್ಲೇ ಅಳೆದು ತುಂಬಿಕೊಡುತ್ತವೆ. ಹಳೆಯ ರಸಿಕರು ಇದನ್ನು ಮೋಸ ಅಂತಾರೆ, ನನಗೆ ಹಾಗನ್ನಿಸಲ್ಲ. ಮಿತಿ ಇಲ್ಲದೇ ಇಲ್ಲ. ಕಪ್ಪಿನೊಳಗೆ ಎರಡು ತರಂಗ ಒಂದನ್ನೊಂದು ಕೊಂದು ಹಳ್ಳ ಬಿದ್ದಿದ್ದರೆ ಎಷ್ಟು ಸುರಿದರೂ ಅದು ತುಂಬಲ್ಲ. ಮತ್ತೆ, ಕುತ್ತಿಗೆ ನೋವಿಗೆ ಯಾವ ಈಕ್ವಲೈಸರೂ ಇಲ್ಲ.

ಮುಚ್ಚಿದ ಹೆಡ್‌ಫೋನಿಂದ ಕಿವಿಗೆ ಒಂದು ಉಪಕಾರ ಇದೆ, ಅದನ್ನೂ ಹೇಳಬೇಕು. ಹೊರಗಿನ ಗದ್ದಲ ಕಡಿಮೆಯಾದರೆ ವಾಲ್ಯೂಮ್ ಏರಿಸೋ ಚಪಲವೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಅನ್ನೋ ಮಿತಿ ಇದೆ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧ ಆಗುತ್ತಾ ಹೋಗುತ್ತೆ; 90ಕ್ಕೆ ಹೋದರೆ ವಾರಕ್ಕೆ 4 ಗಂಟೆ ಮಾತ್ರ. ಮನೆಯಿಂದಲೇ ಕೆಲಸ ಮಾಡುತ್ತಾ ದಿನಕ್ಕೆ ಎಂಟು ಗಂಟೆ ಕಿವಿಗೆ ಹಾಕಿಕೊಂಡಿರುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಿ. ಆದರೆ ಮುಚ್ಚಿದ ಕಪ್ಪು ತಡೆಯೋದು ಹೆಚ್ಚಾಗಿ ಹಾರ್ನು, ಮಾತು, ಕುಕ್ಕರ್ ಸೀಟಿಯಂಥ ಮೇಲಿನ ಸ್ವರಗಳನ್ನು. ಬಸ್ಸಿನ ಎಂಜಿನ್ ಗುಡುಗುಡು ಒಳಗೆ ಬಂದೇ ಬರುತ್ತೆ. ಅದು ನಿಲ್ಲಬೇಕು ಅಂದ್ರೆ ನಾಯ್ಸ್ ಕ್ಯಾನ್ಸಲಿಂಗ್ ಬೇಕು, ಅದು ಈ ಲಕ್ಷದ ಹೆಡ್‌ಫೋನ್‌ಗಳಲ್ಲಿ ಇಲ್ಲ.

ಕೊಳ್ಳುವ ಆಲೋಚನೆ ಇರೋರು ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿ ನಿರ್ಧಾರ ಮಾಡಬೇಡಿ. ನಲವತ್ತು ನಿಮಿಷ ಕೂತಿರಿ, ದಿನಾ ಹಾಕುವ ಕನ್ನಡಕ, ಓಲೆ ಹಾಕಿಕೊಂಡೇ ಹೋಗಿ. ಆಂಪ್ಲಿಫೈಯರ್ ಬೇಕಾ ಕೇಳಿ: ಸ್ಟೆಲಿಯಾ 35 ಓಮ್ಸ್, ಫೋನಿನ ಡಾಂಗಲ್‌ನಲ್ಲೇ ಸಾಕಷ್ಟು ಜೋರಾಗುತ್ತೆ, ಎಚ್‌ಡಿ 820 300 ಓಮ್ಸ್, ಸ್ಟೆಲ್ತ್‌ಗೂ ಒಳ್ಳೆಯ ಆಂಪ್ಲಿಫೈಯರ್ ಬೇಕೇಬೇಕು, ಅಂದ್ರೆ ಇನ್ನಷ್ಟು ಖರ್ಚು. ಕೊನೆಯದಾಗಿ ಪ್ಯಾಡ್ ಬಗ್ಗೆ ವಿಚಾರಿಸಿ. ವರ್ಷಗಳು ಕಳೆದ ಹಾಗೆ ಅದು ಚಪ್ಪಟೆಯಾಗಿ ಕಿವಿ ಡ್ರೈವರ್‌ಗೆ ಹತ್ತಿರವಾಗುತ್ತೆ, ಸದ್ದೇ ಬದಲಾಗುತ್ತೆ. ಬದಲಿ ಜೋಡಿ ಭಾರತದಲ್ಲಿ ಸಿಗುತ್ತಾ, ಎಷ್ಟು ರೂಪಾಯಿ, ಎಷ್ಟು ದಿನದಲ್ಲಿ ಬರುತ್ತೆ ಅಂತ ಬಿಲ್ ಮಾಡಿಸೋಕೆ ಮುಂಚೆ ಕೇಳಿ. ಡಿಟಿ 770ರ ಪ್ಯಾಡನ್ನು ಯಾವ ಸ್ಕ್ರೂಡ್ರೈವರೂ ಇಲ್ಲದೆ ಕೈಯಲ್ಲೇ ಎಳೆದು ತೆಗೆದು ಹೊಸದು ಹಾಕಬಹುದು, ಐದು ನಿಮಿಷದ ಕೆಲಸ.