ಕೇದಾರ ಯಾತ್ರೆಗೆ ಹೊರಟ ಕೈಗಳಿಗೆ ತಕ್ಕ ಗವಸು

ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠಕ್ಕೂ ಕನ್ನಡ ನಾಡಿಗೂ ಇರುವ ನಂಟು ಬಹು ಹಳೆಯದು. ಹಿಮಾಲಯದ ಆ ಪುಣ್ಯಕ್ಷೇತ್ರದ ಪೂಜಾ ಕೈಂಕರ್ಯವು ದಕ್ಷಿಣದಿಂದ ಹೋದ ವೀರಶೈವ ಜಂಗಮರ ಹಸ್ತದಿಂದ ನಡೆದುಕೊಂಡು ಬಂದಿದೆ. ಅಕ್ಷಯ ತೃತೀಯೆಯ ಸುಮಾರಿಗೆ ಮಂದಿರದ ಬಾಗಿಲು ತೆರೆಯುತ್ತದೆ. ದೀಪಾವಳಿಯ ಬೆನ್ನಿಗೆ ಬರುವ ಯಮದ್ವಿತೀಯೆಯಂದು ಮುಚ್ಚುತ್ತದೆ. ಉಳಿದ ಚಳಿಗಾಲದ ತಿಂಗಳುಗಳಲ್ಲಿ ಉತ್ಸವಮೂರ್ತಿಯು ಪಲ್ಲಕ್ಕಿಯಲ್ಲಿ ಇಳಿದು ಬಂದು ಊಖೀಮಠದ ಓಂಕಾರೇಶ್ವರ ಮಂದಿರದಲ್ಲಿ ಪೂಜೆಗೊಳ್ಳುತ್ತದೆ. ಬಾಗಿಲು ತೆರೆದಿರುವ ದಿನಗಳಲ್ಲಿ ನಮ್ಮ ಸಮಾಜದ ಸಹಸ್ರಾರು ಕುಟುಂಬಗಳು ಕೇದಾರಕ್ಕೆ ಹೋಗಿಬರುತ್ತವೆ.

ಯಾತ್ರೆಗೆ ಹೊರಡುವವರು ಬುತ್ತಿ ಕಟ್ಟುತ್ತಾರೆ, ಔಷಧಿ ಕಟ್ಟುತ್ತಾರೆ, ಸ್ವೆಟರು, ಶಾಲು, ಮಫ್ಲರುಗಳನ್ನು ಜ್ಞಾಪಿಸಿಕೊಂಡು ಪೆಟ್ಟಿಗೆಗೆ ಸೇರಿಸುತ್ತಾರೆ. ಕೈಗವಸಿನ ಮಾತು ಬಂದಾಗ ಮಾತ್ರ "ಅಲ್ಲೇ ಎಲ್ಲಾದರೂ ಕೊಂಡರಾಯಿತು" ಎಂದು ಬಿಟ್ಟುಬಿಡುವುದು ಸಾಮಾನ್ಯ. ನಮ್ಮ ಊರುಗಳಲ್ಲಿ ಕೈಗವಸು ತೊಡುವ ಪ್ರಸಂಗವೇ ಬಾರದಿರುವುದರಿಂದ ಅದರ ಗುಣದೋಷಗಳು ನಮಗೆ ತಿಳಿಯದಿರುವುದು ಸಹಜ. ಆದರೆ ಲಿಂಗವಂತರಿಗೆ ಅಂಗೈ ಬರಿಯ ಅವಯವವಲ್ಲ, ಇಷ್ಟಲಿಂಗದ ಪೀಠ. ಆ ಪೀಠವು ಚಳಿಯಲ್ಲಿ ಮರಗಟ್ಟಿ ಬೆರಳುಗಳು ಮಾತು ಕೇಳದಂತಾದರೆ ಆಗುವ ತೊಂದರೆ ದೇಹಕ್ಕಷ್ಟೇ ಸೀಮಿತವಲ್ಲ. ಆದುದರಿಂದ ಈ ಸಣ್ಣ ವಸ್ತುವಿನ ವಿಷಯವಾಗಿ ನಾಲ್ಕು ಮಾತು ಬರೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಚಳಿಯು ಮೊದಲು ಕೈಯನ್ನೇ ಹಿಡಿಯುವುದೇಕೆ?

ಗೌರೀಕುಂಡವು ಸಮುದ್ರಮಟ್ಟದಿಂದ ಸುಮಾರು 1,980 ಮೀಟರ್ ಎತ್ತರದಲ್ಲಿದೆ. ಕೇದಾರನಾಥ 3,583 ಮೀಟರ್. 2013ರ ಜೂನ್ ತಿಂಗಳ ಮಹಾಪ್ರವಾಹದಲ್ಲಿ ರಾಮಬಾಡಾ ಎಂಬ ತಂಗುದಾಣ ಕೊಚ್ಚಿಹೋದ ಮೇಲೆ ಹೊಸದಾಗಿ ನಿರ್ಮಿಸಿದ ದಾರಿ ಸುಮಾರು 16 ಕಿಲೋಮೀಟರ್ ಉದ್ದವಿದೆ. ಸಾವಿರ ಮೀಟರ್ ಏರಿದಂತೆ ಉಷ್ಣತೆಯು ಸಾಮಾನ್ಯವಾಗಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಹೀಗೆ ಲೆಕ್ಕ ಹಾಕಿದರೆ, ಒಂದು ಹಗಲಿನ ನಡಿಗೆಯಲ್ಲೇ ನಾವು ಸುಮಾರು ಹತ್ತು ಡಿಗ್ರಿ ಹೆಚ್ಚಿನ ಚಳಿಯನ್ನು ಪ್ರವೇಶಿಸುತ್ತೇವೆ. ಅದರ ಮೇಲೆ ಗಾಳಿಯುಂಟು, ಮಳೆಯುಂಟು. ಮೇ ತಿಂಗಳಲ್ಲಿಯೂ ಹಿಮ ಬೀಳುವುದುಂಟು.

ದೇಹಕ್ಕೆ ಚಳಿ ತಾಗಿದಾಗ ಅದು ಮೊದಲು ಹೃದಯ, ಶ್ವಾಸಕೋಶ, ಮಿದುಳುಗಳನ್ನು ಕಾಪಾಡಲು ನೋಡುತ್ತದೆ. ಅದಕ್ಕಾಗಿ ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿಸಿ ಬಿಸಿ ರಕ್ತವನ್ನು ಒಳಗೇ ಉಳಿಸಿಕೊಳ್ಳುತ್ತದೆ. ಮನೆಯ ಯಜಮಾನನು ಬರಗಾಲದಲ್ಲಿ ಹೊರಗಿನ ಖರ್ಚು ನಿಲ್ಲಿಸಿ ಒಲೆಯನ್ನು ಮಾತ್ರ ಉರಿಸಿಕೊಳ್ಳುವಂತೆ ಇದು. ಬೆರಳುಗಳಲ್ಲಿ ಮಾಂಸ ಕಡಿಮೆ, ಗಾಳಿಗೆ ತೆರೆದ ಮೈ ಹೆಚ್ಚು. ಹೀಗಾಗಿ ಅವು ಬೇಗನೆ ತಣ್ಣಗಾಗುತ್ತವೆ. ವಯಸ್ಸಾದವರಿಗೆ, ಮಧುಮೇಹ ಉಳ್ಳವರಿಗೆ ಇದರ ಬಾಧೆ ಇನ್ನೂ ಹೆಚ್ಚು. ಬಹುಕಾಲದ ಮಧುಮೇಹದಿಂದ ಬೆರಳಿನ ಸ್ಪರ್ಶಜ್ಞಾನ ಕುಂದಿದವರಿಗೆ ಕೈ ಮರಗಟ್ಟುತ್ತಿರುವುದೇ ತಿಳಿಯದೆ ಹೋಗಬಹುದು. ಅಂಥವರ ಕೈಗಳನ್ನು ಜೊತೆಯವರು ಆಗಾಗ ಮುಟ್ಟಿ ನೋಡುತ್ತಿರಬೇಕು.

ನೂಲಿನ ಗುಣ

ಕೈಗವಸು ತಾನಾಗಿ ಶಾಖವನ್ನು ಕೊಡುವುದಿಲ್ಲ. ಕೈಯ ಶಾಖವನ್ನು ಹೊರಗೆ ಹೋಗದಂತೆ ತಡೆಯುತ್ತದೆ. ಈ ತಡೆಯುವ ಕೆಲಸವನ್ನು ಮಾಡುವುದು ನೂಲಿಗಿಂತ ಹೆಚ್ಚಾಗಿ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಗವಸು ತೊಯ್ದು ಆ ಗಾಳಿಯ ಸ್ಥಳವನ್ನು ನೀರು ಆಕ್ರಮಿಸಿತೆಂದರೆ ಗವಸು ಇದ್ದೂ ಇಲ್ಲದಂತೆ.

ಹತ್ತಿಯ ಗವಸು ಮೃದುವಾಗಿರುತ್ತದೆ, ಅಗ್ಗವಾಗಿಯೂ ಸಿಗುತ್ತದೆ. ಆದರೆ ಅದು ನೀರನ್ನು ಹೀರಿಕೊಂಡು ಬೇಗ ಒಣಗದೆ ಕೈಯನ್ನು ತಣ್ಣಗಾಗಿಸುತ್ತದೆ. ಕೇದಾರದ ದಾರಿಗೆ ಅದು ತಕ್ಕದ್ದಲ್ಲ. ಕುರಿಯ ಉಣ್ಣೆಯ ಗುಣವೇ ಬೇರೆ. ತನ್ನ ತೂಕದ ಶೇಕಡ 30ರಷ್ಟು ತೇವವನ್ನು ಒಳಗೆ ಸೇರಿಸಿಕೊಂಡರೂ ಉಣ್ಣೆ ಮೈಗೆ ಒದ್ದೆಯೆನಿಸುವುದಿಲ್ಲ, ಬೆಚ್ಚಗಿನ ಗುಣವನ್ನೂ ಪೂರ್ತಿ ಬಿಡುವುದಿಲ್ಲ. ಮುಂಗಾರು ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಕುರಿ ಕಾಯುವ ನಮ್ಮ ಹಿರಿಯರು ಈ ವಿದ್ಯೆಯನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಆದರೆ ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಅದು ಕಂಬಳಿಗೆ ಸೊಗಸೇ ಹೊರತು ಬೆರಳಿಗೆ ಚುಚ್ಚುತ್ತದೆ. ಗವಸಿಗೆ ನವುರಾದ ಉಣ್ಣೆಯೇ ಬೇಕು.

ಪೇಟೆಯಲ್ಲಿ "ಉಲನ್" ಎಂದು ಮಾರುವ ಗವಸುಗಳಲ್ಲಿ ಬಹುಪಾಲು ಅಕ್ರಿಲಿಕ್ ಎಂಬ ಕೃತಕ ನೂಲಿನವು. ಒಳಗಿನ ಚೀಟಿಯನ್ನು ಓದಿ ನೋಡಿದರೆ ಇದು ತಿಳಿಯುತ್ತದೆ. ಅಕ್ರಿಲಿಕ್ ಕೆಟ್ಟದ್ದೆಂದಲ್ಲ; ಬೆಲೆ ಕಡಿಮೆ, ಒಣ ಚಳಿಗೆ ಸಾಕು. ಆದರೆ ಅದರ ಹೆಣಿಗೆಯ ಕಣ್ಣುಗಳಲ್ಲಿ ಗಾಳಿ ನುಗ್ಗುತ್ತದೆ. ಗವಸನ್ನು ಬೆಳಕಿಗೆ ಹಿಡಿದು ನೋಡಿದಾಗ ಜಾಳುಜಾಳಾಗಿ ಕಂಡರೆ, ಬಾಯಿಂದ ಊದಿದ ಗಾಳಿ ಆಚೆ ಕಡೆಯ ಕೈಗೆ ತಾಗಿದರೆ ಅದು ಬೆಟ್ಟದ ಗಾಳಿಯನ್ನು ತಡೆಯಲಾರದು. ಫ್ಲೀಸ್ ಎಂಬ ತುಪ್ಪಳದಂಥ ಬಟ್ಟೆ ಹಗುರ, ಬೇಗ ಒಣಗುತ್ತದೆ. ಅದಕ್ಕೂ ಮೇಲೊಂದು ಗಾಳಿ ತಡೆಯುವ ಹೊದಿಕೆ ಬೇಕು.

ಚರ್ಮದ ಗವಸನ್ನು ಕುರಿತು ಕೆಲವರು ಕೇಳುವುದುಂಟು. ಹರಳಯ್ಯನಂಥ ಶರಣರನ್ನು ಪಡೆದ ಸಮಾಜಕ್ಕೆ ಚರ್ಮದ ಕಾಯಕ ಎಂದೂ ಹೀನವಲ್ಲ. ಆದರೆ ಚರ್ಮದ ಗವಸಿಗೆ ಬೆಲೆ ಹೆಚ್ಚು. ಮಳೆಯಲ್ಲಿ ನೆನೆದರೆ ಒಣಗುವುದು ನಿಧಾನ, ಒಣಗಿದ ಮೇಲೆ ಬಿರುಸಾಗುತ್ತದೆ. ಈ ಯಾತ್ರೆಗೆ ಅದರ ಅವಶ್ಯಕತೆಯಿಲ್ಲ.

ಅಳತೆಯ ಮಾತು

ದಪ್ಪವಾದಷ್ಟೂ ಬೆಚ್ಚಗೆ, ಬಿಗಿಯಾದಷ್ಟೂ ಭದ್ರ ಎಂಬ ಎರಡು ನಂಬಿಕೆಗಳೂ ಪೂರ್ತಿ ನಿಜವಲ್ಲ. ಗವಸು ಬಿಗಿಯಾದರೆ ಒಳಗಿನ ಗಾಳಿ ಹಿಂಡಿಹೋಗುತ್ತದೆ, ರಕ್ತದ ಓಟಕ್ಕೂ ಅಡ್ಡಿಯಾಗುತ್ತದೆ. ತೀರ ಸಡಿಲವಾದರೆ ಒಳಗಿನ ಬೆಚ್ಚನೆಯ ಗಾಳಿ ಸೋರಿಹೋಗುತ್ತದೆ, ಹಿಡಿದ ಕೋಲು ಜಾರುತ್ತದೆ.

ಹೊಲಿಗೆಯ ಟೇಪನ್ನು ಹೆಬ್ಬೆರಳು ಬಿಟ್ಟು ಅಂಗೈಯ ಅಗಲವಾದ ಭಾಗದ ಸುತ್ತ ಹಿಡಿಯಬೇಕು. ಎಷ್ಟು ಇಂಚು ಬರುವುದೋ ಅದೇ ಗವಸಿನ ಅಳತೆಗೆ ಆಧಾರ. ಕೆಲವು ಗವಸುಗಳ ಮೇಲೆ ಕಾಣುವ 7, 8, 9 ಎಂಬ ಅಂಕಿಗಳು ಈ ಸುತ್ತಳತೆಯನ್ನೇ ಅನುಸರಿಸಿದವು. ಬಲಗೈಯವರು ಬಲಗೈಯನ್ನೂ ಎಡಗೈಯವರು ಎಡಗೈಯನ್ನೂ ಅಳೆಯುವುದು ಲೇಸು, ದುಡಿಯುವ ಕೈ ತುಸು ದೊಡ್ಡದಿರುತ್ತದೆ. ಒಳಗವಸಿನ ಮೇಲೆ ಹೊರಗವಸು ತೊಡುವುದಾದರೆ ಹೊರಗವಸು ಒಂದು ಅಳತೆ ದೊಡ್ಡದಿರಲಿ.

ಅಂಗಡಿಯಲ್ಲಿ ತೊಟ್ಟು ನೋಡುವಾಗ ಮೂರು ಪರೀಕ್ಷೆಗಳನ್ನು ಮಾಡಬೇಕು. ಮೊದಲನೆಯದಾಗಿ, ಬೆರಳ ತುದಿಗೂ ಗವಸಿನ ತುದಿಗೂ ನಡುವೆ ಅರ್ಧ ಸೆಂಟಿಮೀಟರಿನಷ್ಟು ಎಡೆ ಇರಬೇಕು. ಎರಡನೆಯದಾಗಿ, ಮುಷ್ಟಿ ಕಟ್ಟಿದಾಗ ಬೆನ್ನಂಗೈ ಮೇಲೆ ಬಟ್ಟೆ ಜಗ್ಗಬಾರದು. ಮೂರನೆಯದಾಗಿ, ಗವಸಿನ ಬಾಯಿ ಮಣಿಕಟ್ಟನ್ನು ದಾಟಿ ಸ್ವೆಟರಿನ ತೋಳಿನೊಳಗೆ ಸೇರಬೇಕು. ಮಣಿಕಟ್ಟಿನಲ್ಲಿ ರಕ್ತನಾಳಗಳು ಚರ್ಮಕ್ಕೆ ಹತ್ತಿರ ಹರಿಯುವುದರಿಂದ ಅಲ್ಲಿ ತಾಗಿದ ಗಾಳಿ ಇಡೀ ಕೈಯನ್ನು ತಣ್ಣಗಾಗಿಸುತ್ತದೆ. ಬೆರಳಿನಲ್ಲಿ ಬಿಗಿಯಾದ ಉಂಗುರವಿದ್ದರೆ ಊರಿನಲ್ಲೇ ತೆಗೆದಿಟ್ಟು ಹೊರಡುವುದು ಕ್ಷೇಮ. ಎತ್ತರ ಪ್ರದೇಶದಲ್ಲಿ ಬೆರಳು ಊದಿಕೊಳ್ಳುವುದುಂಟು.

ನಡೆಯುವವರು, ಕುಳಿತು ಹೋಗುವವರು

ಒಂದೇ ಮನೆಯವರಾದರೂ ಎಲ್ಲರಿಗೂ ಒಂದೇ ಬಗೆಯ ಗವಸು ಹೊಂದುವುದಿಲ್ಲ. ನಡೆದು ಏರುವವನ ದೇಹ ತಾನಾಗಿ ಬಿಸಿಯಾಗುತ್ತದೆ. ಅವನಿಗೆ ತೆಳುವಾದ ಉಣ್ಣೆಯ ಗವಸು, ಅಂಗೈಯಲ್ಲಿ ಕೋಲು ಜಾರದಂತೆ ರಬ್ಬರಿನ ಚುಕ್ಕೆಗಳಿದ್ದರೆ ಸಾಕು. ಕುದುರೆಯ ಮೇಲೋ, ಡೋಲಿಯಲ್ಲೋ, ಬೆನ್ನಿಗೆ ಕಟ್ಟಿದ ಕಂಡಿ ಎಂಬ ಬುಟ್ಟಿಯಲ್ಲೋ ಕುಳಿತು ಹೋಗುವ ಹಿರಿಯರ ಸ್ಥಿತಿ ಬೇರೆ. ಅವರು ಗಂಟೆಗಟ್ಟಲೆ ಅಲುಗಾಡದೆ ಕುಳಿತಿರುತ್ತಾರೆ. ಕುದುರೆ ಏರಿದವರಂತೂ ಜೀನಿನ ತಣ್ಣನೆಯ ಕಬ್ಬಿಣವನ್ನು ಮಳೆಯಲ್ಲಿ ಹಿಡಿದುಕೊಂಡೇ ಇರಬೇಕಾಗುತ್ತದೆ. "ಅಜ್ಜಿ ನಡೆಯುವುದಿಲ್ಲವಲ್ಲ, ಅವರಿಗೇಕೆ ಒಳ್ಳೆಯ ಗವಸು?" ಎನ್ನುವುದು ತಿರುಗುಮುರುಗಾದ ಲೆಕ್ಕ. ಮನೆಯ ಅತ್ಯುತ್ತಮ ಗವಸು ಅಜ್ಜಿಗೇ ಸಲ್ಲಬೇಕು. ಹೆಲಿಕಾಪ್ಟರಿನಲ್ಲಿ ಹೋಗುವವರು ಕೆಲವೇ ನಿಮಿಷಗಳಲ್ಲಿ ಚಳಿಯ ನಡುವೆ ಇಳಿಯುವುದರಿಂದ ಏರುವ ಮುನ್ನವೇ ಗವಸು ತೊಟ್ಟಿರಬೇಕು.

ಕೋಲು ಹಿಡಿಯುವ ಅಗತ್ಯವಿಲ್ಲದ ವೃದ್ಧರಿಗೆ, ಮಕ್ಕಳಿಗೆ ನಾಲ್ಕು ಬೆರಳೂ ಒಂದೇ ಚೀಲದಲ್ಲಿ ಸೇರಿ ಹೆಬ್ಬೆರಳಿಗೆ ಮಾತ್ರ ಬೇರೆ ಮನೆಯಿರುವ ಮಿಟನ್ ಉತ್ತಮ. ಬೇರೆ ಬೇರೆಯಾಗಿ ನಡುಗುವ ಬೆರಳುಗಳು ಒಂದೆಡೆ ಸೇರಿದರೆ ಒಂದರ ಶಾಖ ಇನ್ನೊಂದಕ್ಕೆ ಒದಗುತ್ತದೆ. ಕೂಡು ಕುಟುಂಬದ ಗುಣ ಬೆರಳುಗಳಿಗೂ ಉಂಟು! ಮಕ್ಕಳ ಗವಸುಗಳೆರಡನ್ನೂ ಒಂದು ಹುರಿಯಿಂದ ಜೋಡಿಸಿ ಅಂಗಿಯ ತೋಳುಗಳ ಒಳಗಿನಿಂದ ಹಾಯಿಸಿದರೆ ಕಳೆದುಹೋಗುವ ಭಯವಿಲ್ಲ.

ಲಿಂಗಪೂಜೆಯ ವೇಳೆಯಲ್ಲಿ

ಗವಸು ತೊಟ್ಟ ಕೈಯಲ್ಲಿ ಲಿಂಗಪೂಜೆ ಸಲ್ಲದು, ಇದನ್ನು ಹೇಳಬೇಕಾದುದಿಲ್ಲ. ಕೇದಾರದ ಬೆಳಗಿನ ಜಾವದಲ್ಲಿ ಬರಿಗೈಯಲ್ಲಿ ಪೂಜೆಗೆ ಕುಳಿತುಕೊಳ್ಳುವವರು ಕೆಲವು ಎಚ್ಚರಿಕೆಗಳನ್ನು ವಹಿಸಬೇಕು. ಸ್ನಾನವಾದೊಡನೆ ಕೈಗಳನ್ನು ಚೆನ್ನಾಗಿ ಒರೆಸಿ, ಗವಸು ತೊಟ್ಟು, ಹತ್ತು ನಿಮಿಷ ಕಂಕುಳಲ್ಲಿಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳಿರಿ. ಬೆರಳುಗಳು ಸರಾಗವಾಗಿ ಮಡಿಯುತ್ತವೆಯೇ, ಹೆಬ್ಬೆರಳು ಕಿರುಬೆರಳಿನ ತುದಿಯನ್ನು ಮುಟ್ಟುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಕರಡಿಗೆಯನ್ನು ತೆರೆಯಿರಿ. ಮರಗಟ್ಟಿದ ಕೈಗೆ ಹಿಡಿದ ವಸ್ತು ಜಾರಿದ್ದು ತಿಳಿಯುವುದಿಲ್ಲ. ಇಷ್ಟಲಿಂಗವು ಕೈಜಾರಿ ಬೀಳುವುದು ಎಂಥ ಸಂಕಟವೆಂಬುದು ಪ್ರತಿಯೊಬ್ಬ ಸದ್ಭಕ್ತನಿಗೂ ಗೊತ್ತು.

ಅಭಿಷೇಕದ ನೀರು ಉಗುರು ಬೆಚ್ಚಗಿರಲಿ. ಅದರಿಂದ ಆಚಾರಕ್ಕೆ ಕೊರತೆಯಿಲ್ಲ. ಬೆಳ್ಳಿ ಬೇಗನೆ ತಣ್ಣಗಾಗುವ ಲೋಹವಾದುದರಿಂದ ಕರಡಿಗೆಯನ್ನು ಅಂಗಿಯ ಒಳಗೆ ಧರಿಸುವುದು ಒಳಿತು. ಚಳಿ ತೀರ ಹೆಚ್ಚಾಗಿದ್ದರೆ ಪೂಜೆಯನ್ನು ಸಂಕ್ಷೇಪವಾಗಿ ಮುಗಿಸುವುದರಲ್ಲಿ ದೋಷವಿಲ್ಲವೆಂಬುದು ನಮ್ಮ ಅಭಿಪ್ರಾಯ. ಕೈಯನ್ನು ನೋಯಿಸಿ ಮಾಡುವ ದೀರ್ಘ ಪೂಜೆಗಿಂತ ಕೈ ನೆಟ್ಟಗಿದ್ದು ಮಾಡುವ ಕಿರುಪೂಜೆಯಲ್ಲಿ ಮನಸ್ಸು ಚೆನ್ನಾಗಿ ನಿಲ್ಲುತ್ತದೆ.

ಹಣದ ಲೆಕ್ಕ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಪರ್ವತಾರೋಹಿಗಳು ತೊಡುವ ಸಾವಿರಾರು ರೂಪಾಯಿಗಳ ಗವಸು ನಮಗೆ ಬೇಕಿಲ್ಲ. ಅಲ್ಪ ವೆಚ್ಚದಲ್ಲಿ ಹೆಚ್ಚು ಪ್ರಯೋಜನ ಕೊಡುವ ಏರ್ಪಾಡು ಮೂರು ಪದರದ್ದು: ಒಳಗೆ ತೆಳುವಾದ ಹೆಣಿಗೆಯ ಗವಸು, ಅದರ ಮೇಲೆ ಉಣ್ಣೆಯ ಅಥವಾ ಫ್ಲೀಸಿನ ಗವಸು, ಮಳೆ ಬಂದಾಗ ಎಲ್ಲಕ್ಕೂ ಮೇಲೆ ನೀರು ಇಳಿಯದ ಒಂದು ಹೊದಿಕೆ. ಹೊದಿಕೆ ಕೊಳ್ಳಲು ಅನುಕೂಲವಿಲ್ಲದಿದ್ದರೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಬಳಸುವ ದೊಡ್ಡ ಅಳತೆಯ ರಬ್ಬರ್ ಗವಸೇ ಸಾಕು. ನೋಡಲು ಅಂದವಿಲ್ಲ, ಒಳಗೆ ಬೆವರುವುದೂ ಉಂಟು. ಆದರೆ ಮಳೆ ನಿಲ್ಲುವವರೆಗೆ ಕೈ ಕಾಯುತ್ತದೆ.

ಹಣ ಸ್ವಲ್ಪವೇ ಇದ್ದರೆ, ದುಬಾರಿಯಾದ ಒಂದು ಜೊತೆಗಿಂತ ಸಾಧಾರಣವಾದ ಎರಡು ಜೊತೆ ಮೇಲು. ಒಂದು ತೊಯ್ದಾಗ ಇನ್ನೊಂದು ಒಣಗಿರುತ್ತದೆ. ಚಳಿಗಾಲದಲ್ಲಿ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಟಿಬೆಟಿನ ಜನ ಹಾಕುವ ಸ್ವೆಟರ್ ಅಂಗಡಿಗಳಲ್ಲಿ ಲೂಧಿಯಾನದ ಹೆಣಿಗೆಯ ಗವಸುಗಳು ಸಿಗುತ್ತವೆ. ಮೇ ತಿಂಗಳಲ್ಲಿ ಹೊರಡುವವರು ಡಿಸೆಂಬರಿನಲ್ಲೇ ಅಲ್ಲಿ ಕೊಂಡಿಟ್ಟರೆ ಆರಾಮವಾಗಿ ತೊಟ್ಟು ನೋಡಿ ಆರಿಸಬಹುದು. ಗೌರೀಕುಂಡದ ಮಳೆಯಲ್ಲಿ ನಡುಗುತ್ತ ನಿಂತವರಿಗೆ ಅಳತೆ ನೋಡುವ ತಾಳ್ಮೆಯೂ ಇರದು, ಬೆಲೆ ಚೌಕಾಸಿ ಮಾಡುವ ಬಲವೂ ಇರದು.

ಕೈ ಮರಗಟ್ಟಿದರೆ

ಬೆರಳು ಬಿಳಿಚಿ, ಜುಮ್ಮೆಂದು, ಕೊನೆಗೆ ಸ್ಪರ್ಶವೇ ತಿಳಿಯದಂತಾದರೆ ಕೂಡಲೆ ಗಾಳಿಯಿಲ್ಲದ ಆಸರೆ ಸೇರಬೇಕು. ಒದ್ದೆ ಗವಸು, ಉಂಗುರಗಳನ್ನು ತೆಗೆದು ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಬೇಕು, ಇಲ್ಲವೇ ಮೊಣಕೈಗೆ ಹಿತವೆನಿಸುವ ಬೆಚ್ಚನೆಯ ನೀರಿನಲ್ಲಿ ಅದ್ದಬೇಕು. ತಿಕ್ಕಬಾರದು. ಬೆಂಕಿಗೆ ಹಿಡಿಯಬಾರದು, ಜಡವಾದ ಚರ್ಮಕ್ಕೆ ಸುಟ್ಟರೂ ಅರಿವಾಗುವುದಿಲ್ಲ. ಅರ್ಧ ಗಂಟೆಯಾದರೂ ಸ್ಪರ್ಶ ಮರಳದಿದ್ದರೆ, ಗುಳ್ಳೆಗಳು ಎದ್ದರೆ, ಚರ್ಮ ಗಟ್ಟಿಯಾಗಿ ಮೇಣದಂತೆ ಕಂಡರೆ ತಡಮಾಡದೆ ದಾರಿಯಲ್ಲಿರುವ ಚಿಕಿತ್ಸಾ ಕೇಂದ್ರಕ್ಕೆ ಹೋಗಬೇಕು. ದರ್ಶನ ಅರ್ಧ ದಿನ ತಡವಾದರೆ ಶಿವನು ಮುನಿಯುವವನಲ್ಲ.

ಯಾತ್ರೆ ಮುಗಿದ ಮೇಲೆ

ಊರಿಗೆ ಮರಳಿದ ಮೇಲೆ ಈ ಗವಸುಗಳು ಪೆಟ್ಟಿಗೆಯ ತಳದಲ್ಲಿ ನುಸಿಗೆ ಆಹಾರವಾಗುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ತಣ್ಣೀರಿನಲ್ಲಿ ಮೆದುವಾದ ಸೋಪಿನಿಂದ ತೊಳೆದು, ಹಿಂಡದೆ ನೆರಳಲ್ಲಿ ಹರವಿ ಒಣಗಿಸಿ, ಒಂದೆರಡು ಬೇವಿನ ಎಲೆಗಳೊಡನೆ ಕಟ್ಟಿಟ್ಟರೆ ಅವು ಹಲವು ಯಾತ್ರೆಗಳಿಗೆ ಬರುತ್ತವೆ. ಪ್ರತಿ ಊರಿನ ಮಠದಲ್ಲಿಯೋ ಸಮಾಜದ ಭವನದಲ್ಲಿಯೋ ಇಂಥ ಗವಸು, ಟೊಪ್ಪಿಗೆ, ಮಳೆಯಂಗಿಗಳ ಒಂದು ಗಂಟನ್ನು ಇಟ್ಟು, ಹೊರಡುವವರಿಗೆ ಕೊಟ್ಟು, ಬಂದ ಮೇಲೆ ತೊಳೆದು ಮರಳಿಸುವಂತೆ ಏರ್ಪಾಡು ಮಾಡಿದರೆ ಬಡ ಭಕ್ತನ ಖರ್ಚು ಎಷ್ಟೋ ಇಳಿಯುತ್ತದೆ. ದಾಸೋಹವೆಂದರೆ ಅನ್ನವೊಂದೇ ಅಲ್ಲ.

ಇನ್ನೊಂದು ಮಾತು. ನಮ್ಮ ಹಿರಿಯರನ್ನು ಹೊತ್ತು ಆ ದಾರಿಯನ್ನು ಏರುವ ಕೂಲಿಯವರಲ್ಲಿ ಎಷ್ಟೋ ಮಂದಿ ಬರಿಗೈಯವರು. ಕೆಳಗೆ ಇಳಿದ ಮೇಲೆ ಕೂಲಿಯ ಹಣದೊಡನೆ ಒಂದು ಜೊತೆ ಗವಸನ್ನೂ ಅವರ ಕೈಗಿತ್ತು ಬನ್ನಿರಿ. ಮರುದಿನ ಬೆಳಗ್ಗೆ ಅವರು ಮತ್ತೊಬ್ಬರ ತಾಯಿಯನ್ನು ಹೊತ್ತು ಅದೇ ಚಳಿಯಲ್ಲಿ ಏರಬೇಕಾಗಿದೆ.