ತೆರೆಯ ಮೇಲೆ ನಗು... ಹಾಲಿನೊಳಗೆ ಕೂತವನ ಗತಿ?

ಗಿಲೀಟು ಅಂಗಿ, ಬಳುಕುವ ಸೊಂಟ, ರಾಗ ಎಳೆದು ಆಡುವ ಮಾತು. ನಾಯಕನ ಭುಜ ಸವರಿದ ಕೂಡಲೇ ಮೂತಿಗೊಂದು ಗುದ್ದು. ಹಾಲ್ ತುಂಬ ಶಿಳ್ಳೆ, ನಗು! ಓದುಗ ದೊರೆಗಳೇ, ಈ ಸೀನು ಎಷ್ಟು ಚಿತ್ರಗಳಲ್ಲಿ ನೋಡಿದ್ದೀರಿ? ಎಣಿಸೋಕೆ ಹತ್ತು ಬೆರಳು ಸಾಲದು, ಅಲ್ವಾ?

ಸುಳ್ಳೇಕೆ ಹೇಳಲಿ, ನಾನೂ ನಕ್ಕವನೇ. ಆ ನಗುವಿನ ಬೆಲೆ ಗೊತ್ತಾದದ್ದು ಪಿಯುಸಿಯಲ್ಲಿ. ನಮ್ಮ ಕ್ಲಾಸಿನಲ್ಲಿ ಮೆಲುದನಿಯ ಹುಡುಗನೊಬ್ಬನಿದ್ದ. ಗೆಳೆಯನ ಜೊತೆ ಕ್ಯಾಂಟೀನಿಗೆ ಹೊರಟರೆ ಸಾಕು, ಹಿಂದಿನ ಬೆಂಚಿನಿಂದ 'ದೋಸ್ತಾನಾ! ದೋಸ್ತಾನಾ!' ಅಂತ ಕೂಗು. ಕೂಗಿದವರಲ್ಲಿ ನಾನೂ ಒಬ್ಬ. ದಸರಾ ರಜೆ ಮುಗಿದ ಮೇಲೆ ಅವನು ಬರಲೇ ಇಲ್ಲ. ನಾನು ಕಾಲೇಜು ಬಿಟ್ಟದ್ದು ಓದು ತಲೆಗೆ ಹತ್ತದೆ. ಅವನು ಬಿಟ್ಟದ್ದು ನಮ್ಮ ಕಾಟಕ್ಕೆ. ಅವನು ಸಲಿಂಗ ಪ್ರೇಮಿಯೋ ಅಲ್ಲವೋ, ನಮಗ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸಿನಿಮಾ ಕಲಿಸಿದ ಆ ಒಂದು ಕೂಗು ಮಾತ್ರ!

ಒಂದೇ ಅಚ್ಚಿನ ಬೊಂಬೆ

1991ರ ಹಿಂದಿ ಚಿತ್ರ 'ಮಸ್ತ್ ಕಲಂದರ್'ನಲ್ಲಿ ಅನುಪಮ್ ಖೇರ್ 'ಪಿಂಕು' ಆಗಿ ಬಂದರು. ಹೆಸರಿನಿಂದ ವೇಷದವರೆಗೆ ಎಲ್ಲವೂ ನಗಿಸೋಕೇ. 2003ರ 'ಕಲ್ ಹೋ ನಾ ಹೋ'ದಲ್ಲಿ ಶಾರುಖ್, ಸೈಫ್ ಇಬ್ಬರೂ ಹತ್ತಿರ ಇರೋದನ್ನು ಕಂಡಾಗಲೆಲ್ಲ ಮನೆಗೆಲಸದ ಕಾಂತಾಬೆನ್ ಬೆಚ್ಚಿಬೀಳುತ್ತಾಳೆ. 2008ರ 'ದೋಸ್ತಾನಾ'ದಲ್ಲಿ ಅಭಿಷೇಕ್, ಜಾನ್ ಅಬ್ರಹಾಂ ಮಯಾಮಿಯಲ್ಲಿ ಬಾಡಿಗೆ ಮನೆಗೋಸ್ಕರ ಪ್ರೇಮಿಗಳ ನಾಟಕ ಹೂಡುತ್ತಾರೆ. ಮನಸ್ಸೆಲ್ಲ ಪ್ರಿಯಾಂಕಾ ಮೇಲೆ! ಅಮ್ಮನಾದ ಕಿರಣ್ ಖೇರ್ ಮಗನನ್ನು ಒಪ್ಪಿಕೊಳ್ಳುವ ಸೀನು ಇದೆ, ನಿಜ. ಆದರೆ ಅದಕ್ಕೂ ಬಿದ್ದದ್ದು ನಗುವೇ.

ಯಾಕೆ ಹೀಗೆ? ಒಂದು, ಪಾತ್ರ ಬರೆಯುವ ಕಷ್ಟವಿಲ್ಲ. ಒಂದು ನಡಿಗೆ ಇದ್ದರೆ ಮುಗೀತು. ಎರಡು, ಪಕ್ಕದವನು ಬಳುಕಿದಷ್ಟೂ ನಾಯಕನ ಗಂಡಸುತನ ಮಿಂಚುತ್ತೆ. ಇದರ ಮೇಲೊಂದು ಕಲಸುಮೇಲೋಗರ: ಹೆಣ್ಣಾಗಿ ಬಾಳಬಯಸುವ ಜೀವವೇ ಬೇರೆ, ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವವನೇ ಬೇರೆ. ಚಿತ್ರರಂಗ ಇಬ್ಬರಿಗೂ ಒಂದೇ ಸೀರೆ ಉಡಿಸಿ ಕೈತೊಳೆದುಕೊಂಡಿತು. ಮೊದಲನೆಯ ಜೀವದ ನೋವನ್ನು ನಮ್ಮ ಕನ್ನಡದಲ್ಲೇ 'ನಾನು ಅವನಲ್ಲ... ಅವಳು' ತೋರಿಸಿತು. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಎರಡನೆಯವನ ಕತೆ?

ಅಚ್ಚು ಒಡೆದವರು

ಅದನ್ನು ಹೇಳಿದ್ದು ಹನ್ಸಲ್ ಮೆಹ್ತಾ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಾಸ್ ಅವರ ಮನೆಗೆ 2010ರ ಫೆಬ್ರವರಿಯಲ್ಲಿ ಕ್ಯಾಮೆರಾ ಹಿಡಿದು ಜನ ನುಗ್ಗಿದರು. ಖಾಸಗಿ ಬದುಕು ಬಯಲಾಯಿತು, ಕೆಲಸದಿಂದ ಅಮಾನತು. ಅಲಹಾಬಾದ್ ಹೈಕೋರ್ಟು ಅವರ ಪರ ನಿಂತಿತು. ಆದರೆ ಅದೇ ಏಪ್ರಿಲ್‌ನಲ್ಲಿ, ಕೆಲವೇ ದಿನಗಳಲ್ಲಿ, ಮನೆಯಲ್ಲಿ ಶವವಾಗಿ ಸಿಕ್ಕರು. 2016ರಲ್ಲಿ ತೆರೆಕಂಡ 'ಅಲಿಗಢ್'ನಲ್ಲಿ ಮನೋಜ್ ಬಾಜಪೇಯಿ ಸೊಂಟ ಬಳುಕಿಸಲಿಲ್ಲ. ಒಂಟಿಯಾಗಿ ಕೂತು ಲತಾ ಹಾಡು ಕೇಳುತ್ತಾ ಕಣ್ಣುಮುಚ್ಚಿದರು, ಅಷ್ಟೇ. ಒಬ್ಬನೂ ನಗಲಾರ!

ಅದೇ ವರ್ಷ 'ಕಪೂರ್ ಅಂಡ್ ಸನ್ಸ್'ನಲ್ಲಿ ಫವಾದ್ ಖಾನ್ ಮನೆಗೆ ಮಾದರಿ ಹಿರಿಮಗ. ಗುಟ್ಟು ಗೊತ್ತಾದಾಗ ತಾಯಿ ಕುಸಿಯುತ್ತಾಳೆ. ನಾವು ನೋಡುವುದು ಒಬ್ಬ ಮಗನನ್ನು, ಕೋಡಂಗಿಯನ್ನಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ, ವಯಸ್ಕರು ಒಪ್ಪಿ ಪ್ರೀತಿಸಿದರೆ ಅಪರಾಧವಲ್ಲ ಎಂದು ತೀರ್ಪಿತ್ತಿತು. ಕಾನೂನು ಬದಲಾಯಿತು. ಕಾಮಿಡಿ ಟ್ರ್ಯಾಕು?

ಮುಂದಿನ ಸಲ ಅಂಥ ಸೀನು ಬಂದಾಗ, ತೆರೆ ಬಿಟ್ಟು ಒಂದು ಗಳಿಗೆ ಪಕ್ಕದ ಸೀಟಿನವನನ್ನು ನೋಡಿ. ಅವನೂ ಜೋರಾಗಿ ನಗುತ್ತಿರಬಹುದು, ಎಲ್ಲಿ ಸಿಕ್ಕಿಬೀಳ್ತೀನೋ ಅನ್ನೋ ಭಯಕ್ಕೆ. ಶಿಳ್ಳೆ ಹೊಡೆಯೋ ಬಾಯಿ ನಮ್ಮದೇ. ಯಾವುದಕ್ಕೆ ಹೊಡೀಬೇಕು ಅನ್ನೋದೂ ನಮಗೇ ಬಿಟ್ಟದ್ದು. ಏನಂತೀರಿ?